ಕೆಂಪು ಗೆರೆ ಹಾಕಿದ ಹಿತ್ತಾಳೆ

ಎಲಿಕಾಟ್ ಸಿಟಿ
೧೫-೯-೧೯೭೪, ಭಾನುವಾರ

ಚಿ. ವಿಶಾಲುಗೆ ನಿನ್ನ ಅಣ್ಣ ನರಹರಿಯ ಆಶೀರ್ವಾದ.

ನಿನ್ನ ಪಾರ್ಸಲ್ ಬಂತು. ಪೋಸ್ಟಿನವನು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಂಟೆಗಳಿವೆಯೇ ಎಂದು ಕೇಳಿದ. ಡರ್ಹಮ್‌ನಲ್ಲಿ ಡಾಕ್ಟರಾಗಿರುವ ನನ್ನ ತಂಗಿ ಶನಿವಾರ ಶನಿವಾರ ಬಂದೂಕು ಹೊಡೆಯುತ್ತಾಳೆ, ಇವು ಗುಂಡು ಹಾರಿದ ಮೇಲೆ ಉಳಿದ ಹಿತ್ತಾಳೆ ಕೇಸುಗಳು ಎಂದರೆ ಅವನು ನಂಬುತ್ತಾನೆಯೇ? ಪಾತ್ರೆ ಸಾಮಾನು ಅಂದೆ. ನಳಿನಿ ಒಳಗಿನಿಂದ, ‘ಪಾತ್ರೆ ಸಾಮಾನಾದ್ರೂ ಆಗಿದ್ರೆ ನನಗೆ ಉಪಯೋಗಕ್ಕೆ ಬರ್ತಿತ್ತು’ ಅಂದಳು. ಅವಳಿಗೆ ಈಗ ಆರನೆಯ ತಿಂಗಳು. ಮಗು ಬರುವಷ್ಟರಲ್ಲಿ ಬೇಸ್‌ಮೆಂಟಿನ ಈ ಕಾರ್ಖಾನೆ ಮುಚ್ಚಬೇಕೆಂದು ಆರ್ಡರ್ ಆಗಿದೆ.

ಎಲ್ಲವನ್ನೂ ಡೈಗೆ, ಅಂದರೆ ಉಕ್ಕಿನ ಅಚ್ಚಿಗೆ, ಕೊಟ್ಟು ಅಳತೆಗೆ ತಂದು ವಾಪಸ್ ಕಳಿಸುತ್ತಿದ್ದೇನೆ. ನೀನು ಪೆಥಾಲಜಿ ಓದಿದವಳು, ಲೋಹದ ವಿಷಯಕ್ಕೆ ಬಂದರೆ ಎಲ್‌ಕೆಜಿ ಮಗು, ಅದಕ್ಕೇ ಹೇಳುತ್ತೇನೆ ಕೇಳು. ಗುಂಡು ಹಾರುವ ಕ್ಷಣದಲ್ಲಿ ಕೇಸು ಉಬ್ಬಿ ಬಂದೂಕಿನಲ್ಲಿ ಅದು ಕೂರುವ ಗೂಡಿನ, ಅಂದರೆ ಚೇಂಬರಿನ, ಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಸ್ವಲ್ಪ ಕುಗ್ಗುತ್ತದೆ, ಪೂರ್ತಿ ಅಲ್ಲ. ಅದಕ್ಕೆ ಹರಳೆಣ್ಣೆ ಸವರಿ, ಡೈಯೊಳಗೆ ಒತ್ತಿ, ಮತ್ತೆ ಅಳತೆಗೆ ತರಬೇಕು. ಎಲ್ಲರೂ ಎಡವುವುದು ಇಲ್ಲೇ. ಕೇಸು ಕತ್ತಿನ ಕಡೆಗೆ ಕಿರಿದಾಗುವ ಭುಜವನ್ನು ಸಿಕ್ಕಾಪಟ್ಟೆ ಕೆಳಕ್ಕೆ ತಳ್ಳಿಬಿಡುತ್ತಾರೆ. ಮುಂದಿನ ಸಲ ಹೊಡೆದಾಗ ಅದು ಮತ್ತೆ ಅಷ್ಟೂ ಹಿಗ್ಗಬೇಕು, ಹಿಗ್ಗಿ ಹಿಗ್ಗಿ ಬುಡದ ಹತ್ತಿರ ತೆಳ್ಳಗಾಗುತ್ತದೆ. ನಾನು ತಳ್ಳುವುದು ಕೂದಲೆಳೆಯಷ್ಟು. ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ ನಿನ್ನ ಬಂದೂಕಿಗೆ ಕೂತರೆ ಗುಂಡು ಪ್ರತಿ ಸಲವೂ ಅದೇ ಜಾಗಕ್ಕೆ ಹೋಗುತ್ತದೆ.

ಈಗ ಮುಖ್ಯವಾದ ಮಾತು. ಪ್ರತಿ ಕೇಸಿನ ಮೇಲೂ ಶಾಯಿಯಲ್ಲಿ ಗೆರೆ ಹಾಕಿದ್ದೇನೆ. ಕಪ್ಪು ಗೆರೆಯವು ಹೋದ ವರ್ಷ ನೀನು ಕೊಂಡವು, ಇನ್ನೂ ಬಾಳುತ್ತವೆ. ಕೆಂಪು ಗೆರೆಯವು ಅಶ್ವತ್ಥ ಇದ್ದಾಗಿನವು. ಬಹಳ ಸಲ ಹೊಡೆದಿದ್ದಾನೆ, ಒಳಗಡೆ ಸವೆದುಹೋಗಿವೆ. ಅವಕ್ಕೆ ಇನ್ನೊಮ್ಮೆ ಮದ್ದು ತುಂಬಿದರೆ ಕೇಸು ನಡುವೆ ಕತ್ತರಿಸಿಕೊಂಡು, ಬೆಂಕಿಯಂಥ ಗಾಳಿ ಬಂದೂಕಿನ ಹಿಂಭಾಗ ಮುಚ್ಚುವ ಬೋಲ್ಟಿನ ಸಂದಿಯಿಂದ ನೇರ ನಿನ್ನ ಕಣ್ಣಿಗೆ ಬರುತ್ತದೆ. ನಾನೇ ಎಸೆಯುತ್ತಿದ್ದೆ. ಒಂದನ್ನೂ ಇಟ್ಟುಕೊಳ್ಳದೆ ಕಳಿಸು ಎಂದು ನೀನು ಬರೆದದ್ದು ಯಾಕೋ ತಿಳಿಯಲಿಲ್ಲ. ಕಳಿಸಿದ್ದೇನೆ, ನೀನೇ ಎಸೆ.

ನಿನ್ನ ಅತ್ತೆಯವರು ಇನ್ನೂ ಮೂಗು ಮುರಿಯುತ್ತಿದ್ದಾರೆಯೇ?

ನಿನ್ನ ಅಣ್ಣ,
ನರಹರಿ


ಡರ್ಹಮ್
೨೯-೯-೧೯೭೪

ಅಣ್ಣನಿಗೆ ವಿಶಾಲಾಕ್ಷಿಯ ನಮಸ್ಕಾರಗಳು.

ಎಲ್‌ಕೆಜಿ ಮಗುವಿಗೆ ಪಾಠ ಅರ್ಥವಾಯಿತು. ನಿನ್ನ ಕೇಸುಗಳಿಗೆ ಕಿಡಿ ಹೊತ್ತಿಸುವ ಪ್ರೈಮರ್ ಕೂರಿಸಿ, ಮದ್ದು ತೂಗಿ, ಗುಂಡು ಕೂಡಿಸಿ ನಿನ್ನೆ ರೇಂಜಿಗೆ ಹೋಗಿದ್ದೆ. ಮುನ್ನೂರು ಗಜದಲ್ಲಿ ಒಂದು ಕಾಫಿ ಲೋಟದ ಬಾಯಿಯಷ್ಟು ಜಾಗದೊಳಗೆ ಎಲ್ಲ ಬಿದ್ದವು. ಹ್ಯಾರಿಸ್ ಪಕ್ಕದಲ್ಲೇ ಇದ್ದರು. ಅವರು ಗೊತ್ತಲ್ಲ, ಕ್ಲಬ್ಬಿನ ಹಿರಿಯರು, ಅಶ್ವತ್ಥನಿಗೆ ಕಲಿಸಿದವರು. ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿ, ಕೊನೆಗೆ ಕೇಳಿದರು. ನವೆಂಬರಿನಲ್ಲಿ ಸೌತ್ ಕ್ಯಾರೊಲೈನಾದಲ್ಲಿ ಮ್ಯಾಚ್ ಇದೆಯಂತೆ. ತಂಡದಲ್ಲಿ ಅಶ್ವತ್ಥನ ಜಾಗವನ್ನು ಇಷ್ಟು ದಿನ ಯಾರಿಗೂ ಕೊಟ್ಟಿಲ್ಲವಂತೆ. ‘ನೀವು ಬರ್ತೀರಾ?’ ಅಂದರು. ಬರ್ತೀನಿ ಅಂದೆ. ಕಾರಿನಲ್ಲಿ ಕೂತು ಅತ್ತುಬಿಟ್ಟೆ, ಅಣ್ಣ. ಸಂತೋಷಕ್ಕೋ ದುಃಖಕ್ಕೋ ನನಗೇ ತಿಳಿಯಲಿಲ್ಲ.

ಕೆಂಪು ಗೆರೆಯವುಗಳ ಯೋಚನೆ ನಿನಗೆ ಬೇಡ. ಅವನ್ನು ನಾನು ಉಪಯೋಗಿಸುವುದಿಲ್ಲ.

ಅತ್ತೆ ಮೂಗು ಮುರಿಯುವುದೂ ಇಲ್ಲ, ಬಾಯಿ ಬಿಡುವುದೂ ಇಲ್ಲ. ಅದೇ ಕಷ್ಟ. ಮಗ ಅಶ್ವತ್ಥ ಹೋದ ಮೇಲೆ ನನ್ನ ಜೊತೆ ಇರಲೆಂದು ಮೈಸೂರು ಬಿಟ್ಟು ಬಂದವರು, ನಿಜ. ಆದರೆ ಬೆಳಗಿನ ಕಾಫಿಗೂ ರಾತ್ರಿಯ ಸಾರಿಗೂ ನಡುವೆ ನಮ್ಮಿಬ್ಬರಿಗೆ ಆಡುವುದಕ್ಕೆ ಮಾತೇ ಇಲ್ಲ. ಶನಿವಾರ ನಾನು ಬಂದೂಕಿನ ಚೀಲ ಎತ್ತಿಕೊಂಡರೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ವಾಪಸ್ ಬಂದಾಗಲೂ ಅಲ್ಲೇ ಇರುತ್ತಾರೆ. ನಾನು ಎಷ್ಟು ಹೊತ್ತಿಗೆ ಹೋದೆ, ಎಷ್ಟು ಹೊತ್ತಿಗೆ ಬಂದೆ ಅಂತ ಲೆಕ್ಕ ಇಡುವ ಪೊಲೀಸಿನವರ ಹಾಗೆ. ಆಸ್ಪತ್ರೆಯಲ್ಲಿ ದಿನವೆಲ್ಲ ಸ್ಲೈಡ್ ನೋಡಿ, ಮನೆಯಲ್ಲಿ ಆ ಮೌನ ನೋಡಿ, ವಾರಕ್ಕೊಂದು ದಿನ ನಾನು ಉಸಿರಾಡುವುದು ಆ ರೇಂಜಿನಲ್ಲಿ. ಅದನ್ನೂ ಅವರು ಕಿತ್ತುಕೊಂಡರೆ ನನಗೆ ಹುಚ್ಚು ಹಿಡಿಯುತ್ತದೆ.

ನಳಿನಿಗೆ ಹುಷಾರಾಗಿರಲು ಹೇಳು. ಮೆಟ್ಟಿಲು ಹತ್ತಿ ಇಳಿಯುವುದು ಕಡಿಮೆ ಮಾಡಲಿ.

ವಿಶಾಲು


ಡರ್ಹಮ್
೨೭-೧೦-೧೯೭೪

ಅಣ್ಣಾ,

ಇವತ್ತು ಬರೆಯಲೇಬೇಕು. ಗುರುವಾರ ಆಯುಧ ಪೂಜೆಯ ದಿನ ಆಸ್ಪತ್ರೆಯಿಂದ ತಡವಾಗಿ ಬಂದೆ. ಹಬ್ಬ ಅನ್ನುವುದೇ ಮರೆತುಹೋಗಿತ್ತು. ಬಾಗಿಲು ತೆಗೆದರೆ ದೇವರ ಮುಂದೆ ಮಣೆ, ಮಣೆಯ ಮೇಲೆ ಬಂದೂಕು! ನನ್ನ ಮೈಕ್ರೋಸ್ಕೋಪು, ಕಾರಿನ ಬೀಗದಕೈ, ಅಡುಗೆಮನೆಯ ಚಾಕು, ಹರಿವಾಣದ ತುಂಬ ಕೇಸುಗಳು, ಎಲ್ಲಕ್ಕೂ ಹೂವು. ಹೂವಿಗೆ ಪಕ್ಕದ ಮನೆಯವಳ ತೋಟಕ್ಕೆ ಹೋಗಿ ಕೈಸನ್ನೆಯಲ್ಲಿ ಕೇಳಿ ತಂದಿದ್ದಾರೆ. ಒಬ್ಬರೇ ಮನೆಯ ಹೊಸಿಲು ದಾಟದವರು!

ಈ ಮನೆಯಲ್ಲಿ ಕುಂಕುಮದ ಭರಣಿ ಹೊರಗೆ ಬಂದು ಎರಡು ವರ್ಷವಾಗುತ್ತಾ ಬಂತು. ಅದನ್ನು ನನ್ನ ಕೈಗೆ ಕೊಟ್ಟು, ‘ಬಂದೂಕಿಗೆ ನೀನೇ ಇಡಮ್ಮ, ನಿನ್ನ ಆಯುಧ’ ಅಂದರು. ಇಟ್ಟೆ. ಅವರು ಒಳಗೆ ಹೋಗಿ ಪಾಯಸ ಬಡಿಸಿದರು.

ಡಬ್ಬಿ ಕಳಿಸುತ್ತಿದ್ದೇನೆ. ಮ್ಯಾಚಿಗೆ ಬೇಕಾದ ಕೇಸುಗಳು ಇವೇ. ಬೇಗ ಮಾಡಿ ಕಳಿಸು. ಇಪ್ಪತ್ತಮೂರನೇ ತಾರೀಕು ಶನಿವಾರ ಬೆಳಿಗ್ಗೆ ಇಲ್ಲಿಂದ ಹೊರಡುವುದು.

ವಿಶಾಲು


ಎಲಿಕಾಟ್ ಸಿಟಿ
೪-೧೧-೧೯೭೪

ಚಿ. ವಿಶಾಲುಗೆ ಆಶೀರ್ವಾದ.

ಕೇಸುಗಳು ಕನ್ನಡಿಯ ಹಾಗೆ ಹೊಳೆಯುತ್ತಿವೆ. ತೊಳೆದಿದ್ದೀಯೆ, ಸಂತೋಷ. ನನ್ನ ಗೆರೆಗಳೂ ತೊಳೆದುಹೋಗಿವೆ, ಹೋಗಲಿ. ಕೆಂಪಿನವನ್ನು ಎಸೆದಾದ ಮೇಲೆ ಗೆರೆ ಇದ್ದರೆಷ್ಟು ಬಿಟ್ಟರೆಷ್ಟು.

ಆದರೆ ನೀನು ಏನು ಮಾಡುತ್ತಿದ್ದೀಯೆ? ಪ್ರೆಸ್ಸಿನ ಹಿಡಿ ಎಳೆದಾಗಲೇ ನನ್ನ ಕೈಗೆ ಗೊತ್ತಾಯಿತು. ಕೆಲವು ಕೇಸು ಬೆಣ್ಣೆಯ ಹಾಗೆ ಇಳಿಯುತ್ತವೆ, ಕೆಲವು ಹಟ ಮಾಡುತ್ತವೆ. ಒತ್ತಿದರೆ ಮತ್ತೆ ಪುಟಿದು ಮೇಲಕ್ಕೆ ಬರುತ್ತವೆ. ಒಂದೇ ಸಲ ಕೊಂಡ ಹಿತ್ತಾಳೆ ಹೀಗೆ ಆಗುವುದು ಒಂದೇ ಕಾರಣಕ್ಕೆ. ನೀನು ಮದ್ದು ಜಾಸ್ತಿ ತುಂಬುತ್ತಿದ್ದೀಯೆ. ಕಾಫಿ ಲೋಟ ಸಾಲದು, ಈಗ ಒಂದು ನಾಣ್ಯದೊಳಗೆ ಬೀಳಿಸಬೇಕು ಅಂತ ಹೊರಟಿದ್ದೀಯೇನು? ಮದ್ದಿನ ಜೊತೆ ಆಟ ಆಡಬೇಡ ಎಂದು ಎಷ್ಟು ಸಲ ಹೇಳುವುದು? ಎಲ್ಲವೂ ಒಂದೇ ಅಳತೆಗೆ ಬರುವ ಹಾಗೆ ಸರಿಮಾಡಿ ಕಳಿಸಿದ್ದೇನೆ. ಹೇಗೆ ಅಂತ ಕೇಳಬೇಡ.

ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಡುತ್ತೇನೆ. ಅಶ್ವತ್ಥನದೂ ಇದೇ ಬುದ್ಧಿ. ಎದೆ ನೋವು ಅಂತ ಒಂದು ವಾರ ಒದ್ದಾಡಿದರೂ, ಹೆಂಡತಿ ಡಾಕ್ಟರಾಗಿದ್ದರೂ, ಏನೂ ಇಲ್ಲ ಏನೂ ಇಲ್ಲ ಎಂದು ತಳ್ಳಿದ. ನೀನೂ ನೋಡಲಿಲ್ಲ. ಇಬ್ಬರಿಗೂ ದುಡುಕು. ಈ ಮ್ಯಾಚ್ ಆದ ಮೇಲೆ ಆ ಬಂದೂಕನ್ನು ಮಾರಿಬಿಡು.

ನಳಿನಿಗೆ ರಕ್ತದ ಒತ್ತಡ ಹೆಚ್ಚಾಗಿದೆ ಅನ್ನುತ್ತಾರೆ. ನನಗೆ ತಲೆ ಸರಿಯಿಲ್ಲ.

ನರಹರಿ


ಡರ್ಹಮ್
೧೧-೧೧-೧೯೭೪

ನರಹರಿಗೆ,

‘ನೀನೂ ನೋಡಲಿಲ್ಲ.’ ಈ ಮಾತನ್ನು ಎಷ್ಟು ಸಲ ಓದಿದೆ ಅಂತ ನನಗೇ ಗೊತ್ತಿಲ್ಲ. ಎರಡು ವರ್ಷದಿಂದ ಪ್ರತಿ ಬೆಳಿಗ್ಗೆ ನಾನು ನನಗೇ ಹೇಳಿಕೊಳ್ಳುವ ಮಾತು ಅದು. ನಿನ್ನ ಬಾಯಿಂದ ಕೇಳಬೇಕಾಗಿರಲಿಲ್ಲ. ನೀನು ಅಣ್ಣ ಅಂತ ಸುಮ್ಮನಿದ್ದೇನೆ, ಬೇರೆ ಯಾರಾದರೂ ಆಗಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ.

ಮದ್ದನ್ನು ನಾನು ಒಂದು ಹರಳೂ ಹೆಚ್ಚಿಸಿಲ್ಲ. ಔಷಧಿ ತೂಗುವ ಹಾಗೆ ತೂಗುತ್ತೇನೆ. ಹಿಂದಿನ ಸಲ ತೂಗಿದ್ದಷ್ಟೇ ಈ ಸಲವೂ. ನೀನು ‘ಸರಿಮಾಡಿ’ ಕಳಿಸಿದ್ದರಲ್ಲಿ ಸ್ವಲ್ಪ ತುಂಬಿ ಮೊನ್ನೆ ಹೊಡೆದು ನೋಡಿದೆ. ಕೆಲವು ಮಧ್ಯಕ್ಕೆ, ಕೆಲವು ಎಲ್ಲೋ ಊರಾಚೆಗೆ. ಹ್ಯಾರಿಸ್ ಕೂಡ ಹುಬ್ಬು ಗಂಟಿಕ್ಕಿದರು. ನನ್ನ ಕೈ ನಡುಗಿಲ್ಲ, ನನ್ನ ಉಸಿರು ತಪ್ಪಿಲ್ಲ. ಕೆಟ್ಟಿರುವುದು ನಿನ್ನ ಕೆಲಸ. ಹಿತ್ತಾಳೆಯಲ್ಲಿ ಡಾಕ್ಟರೇಟ್ ಮಾಡಿದ ಮಹಾನುಭಾವ ಅದನ್ನು ಒಪ್ಪಿಕೊಳ್ಳುವ ಬದಲು ಸತ್ತವನ ಮೇಲೆ ಹಾಕುತ್ತಾನೆ.

ಇನ್ನೊಂದು. ಕೇಸು ತೊಳೆದದ್ದು ನಾನಲ್ಲ. ಆ ಹೊಳಪಿನ ಶ್ರೇಯಸ್ಸನ್ನೂ ನನಗೆ ಕೊಡಬೇಡ. ಹಬ್ಬದ ದಿನ ಅತ್ತೆ ಹುಣಸೆಹಣ್ಣು ಉಪ್ಪು ಹಾಕಿ, ದೀಪದ ಕಂಬ ತಿಕ್ಕುವ ಹಾಗೆ, ಎರಡೂ ಡಬ್ಬಿಯದನ್ನು ಒಂದೊಂದಾಗಿ ತಿಕ್ಕಿದ್ದಾರೆ. ಬೆರಳ ತುದಿ ಒಡೆದಿತ್ತು. ನನ್ನ ಸ್ವಂತ ಅಣ್ಣನಿಗಿಂತ ಆ ಮಾತಾಡದ ಹೆಂಗಸಿಗೆ ನನ್ನ ಮೇಲೆ ಹೆಚ್ಚು ಕರುಣೆ ಇದೆ ಅಂತ ಈಗ ಅನ್ನಿಸುತ್ತದೆ.

ಮ್ಯಾಚಿಗೆ ಹೋಗೇ ಹೋಗುತ್ತೇನೆ. ಬೇರೆ ಕೇಸು ತಯಾರಿಸಲು ಸಮಯವಿಲ್ಲ, ಇವನ್ನೇ ತುಂಬುತ್ತೇನೆ. ನನಗೆ ಫೋನ್ ಮಾಡಬೇಡ. ನಿನ್ನ ದನಿ ಕೇಳುವ ಶಕ್ತಿ ಇಲ್ಲ. ನಳಿನಿಗೆ ಮಾತ್ರ ನಾನು ಕೇಳಿದೆ ಅಂತ ಹೇಳು.

ವಿಶಾಲಾಕ್ಷಿ


ಎಲಿಕಾಟ್ ಸಿಟಿ
೨೦-೧೧-೧೯೭೪, ಬುಧವಾರ
ಸ್ಪೆಷಲ್ ಡೆಲಿವರಿ

ವಿಶಾಲು,

ಮುಂದಿನದನ್ನು ಓದುವ ಮೊದಲು ತೋಟಾಗಳ ಪೆಟ್ಟಿಗೆಯನ್ನು ಕಾರಿನಿಂದ ತೆಗೆದು ಒಳಗಿಡು. ಒಂದನ್ನೂ ಬಂದೂಕಿಗೆ ಹಾಕಬೇಡ. ನನ್ನ ಮೇಲೆ ಎಷ್ಟು ಕೋಪ ಇದ್ದರೂ ಇದೊಂದು ಮಾತು ಕೇಳು. ಅಮ್ಮನ ಆಣೆ.

ನಿನ್ನ ಕಾಗದ ಹೋದ ವಾರವೇ ಬಂದು ಬಿದ್ದಿತ್ತು. ನಳಿನಿಯನ್ನು ಆಸ್ಪತ್ರೆಗೆ ಸೇರಿಸಿ ನಾನು ಅಲ್ಲೇ ಕುರ್ಚಿಯಲ್ಲಿ ಮಲಗುತ್ತಿದ್ದೆ. ಬಟ್ಟೆ ತರಲು ಈಗ ಮನೆಗೆ ಬಂದು ಒಡೆದೆ. ‘ಎರಡೂ ಡಬ್ಬಿ’ ಅಂತ ಓದಿದೆ. ಎರಡು ಡಬ್ಬಿ ಎಲ್ಲಿಂದ ಬಂತು, ವಿಶಾಲು? ನೀನು ಕೆಂಪಿನವನ್ನು ಎಸೆದಿಲ್ಲ. ಉಪಯೋಗಿಸುವುದಿಲ್ಲ ಅಂತ ಬರೆದೆಯೇ ಹೊರತು ಎಸೆದೆ ಅಂತ ಬರೆಯಲಿಲ್ಲ. ನಾನು ಕತ್ತೆ, ಅದನ್ನು ಗಮನಿಸಲಿಲ್ಲ. ಬೇರೆ ಡಬ್ಬಿಯಲ್ಲಿ ಇಟ್ಟಿದ್ದೀಯೆ. ಯಾಕೆ ಅಂತ ಈಗ ತಿಳಿಯಿತು, ಬೈಯುವುದಿಲ್ಲ.

ಆದರೆ ಗೆರೆ ಅಳಿಸಿಹೋದ ಮೇಲೆ ಯಾವುದು ಯಾವ ಡಬ್ಬಿಗೆ ಹೋಯಿತು ಅಂತ ಯಾರಿಗೆ ಗೊತ್ತು? ನನ್ನ ಪ್ರೆಸ್ಸಿನಲ್ಲಿ ಹಟ ಮಾಡಿದವು ಅವನವು. ಹಳೆಯ ಹಿತ್ತಾಳೆ ಗಡುಸಾಗಿ ಪುಟಿಯುತ್ತದೆ. ಕಾಲೇಜಿನ ಹುಡುಗರಿಗೆ ನಾನೇ ಪಾಠ ಮಾಡಿದ ವಿಷಯ, ಕಣ್ಣ ಮುಂದಿದ್ದರೂ ನಿನ್ನ ಮೇಲೆ ತಪ್ಪು ಹೊರಿಸಿದೆ. ಇನ್ನೂ ಕೇಳು. ಅವುಗಳನ್ನು ಬಗ್ಗಿಸಬೇಕೆಂದು ನಾನು ಡೈಯನ್ನು ಕೆಳಕ್ಕೆ ಇಳಿಸಿದೆ. ಯಾವುದನ್ನು ಮಾಡಬಾರದು ಅಂತ ನಿನಗೆ ಬರೆದೆನೋ ಅದನ್ನೇ ಮಾಡಿದೆ. ಈಗ ಎಲ್ಲ ಕೇಸುಗಳೂ ನಿನ್ನ ಚೇಂಬರಿನಲ್ಲಿ ಸಡಿಲ, ಹೊಡೆದಾಗ ಹಿಗ್ಗುತ್ತವೆ. ಹೊಸವು ತಡೆಯಬಹುದು. ಅವನವು ತಡೆಯುವುದಿಲ್ಲ, ಸಿಡಿದು ನೇರ ನಿನ್ನ ಕಣ್ಣಿಗೆ ಬರುತ್ತದೆ.

ಪೇಪರ್ ಕ್ಲಿಪ್ಪನ್ನು ನೇರಮಾಡಿ, ತುದಿಯನ್ನು ಚೂರು ಬಗ್ಗಿಸಿ, ಖಾಲಿ ಕೇಸಿನೊಳಗೆ ಬುಡದಿಂದ ಮೇಲಕ್ಕೆ ಗೋಡೆಗೆ ಒತ್ತಿ ಎಳೆದು ನೋಡು. ತುದಿ ಹಳ್ಳಕ್ಕೆ ಸಿಕ್ಕಿಕೊಂಡರೆ ಅದು ಕತ್ತರಿಸಿಕೊಳ್ಳಲು ಸಿದ್ಧವಾಗಿದೆ.

ಸಂಜೆ ಫೋನ್ ಮಾಡಿದೆ. ನಿನ್ನ ಅತ್ತೆ ಎತ್ತಿದರು. ‘ಆ ಹಿತ್ತಾಳೆಗೆ ಏನು ಮಾಡಿದ್ರಿ ನೀವು? ಯಾರು ಮುಟ್ಟೋಕೆ ಹೇಳಿದ್ರು?’ ಅಂತ ಕೂಗಿದೆ. ಇಟ್ಟುಬಿಟ್ಟರು. ಆಮೇಲೆ ನೀನು ಎತ್ತಿದೆ. ‘ವಿಶಾಲು, ಆ ಕೇಸು’ ಅನ್ನುವಷ್ಟರಲ್ಲಿ ‘ಮತ್ತೆ ಶುರು ಮಾಡಿದ್ಯಾ’ ಅಂತ ಇಟ್ಟೆ. ಆಮೇಲೆ ಬರೀ ರಿಂಗ್. ನಿನ್ನ ಆಸ್ಪತ್ರೆಯ ಆಪರೇಟರ್ ಹತ್ತಿರ ಮೆಸೇಜ್ ಬಿಟ್ಟಿದ್ದೇನೆ, ನೀನು ಹರಿದು ಎಸೆದಿರುತ್ತೀಯೆ. ಡರ್ಹಮ್‌ನ ಫೋನ್ ಪುಸ್ತಕದಲ್ಲಿ ಹ್ಯಾರಿಸ್ ಅನ್ನುವವರು ಎಷ್ಟು ಜನ ಇರಬಹುದು? ಕಾರು ಹತ್ತಿ ಬಂದುಬಿಡುತ್ತಿದ್ದೆ. ಇಲ್ಲಿ ನಳಿನಿಯನ್ನು ಯಾವ ಗಳಿಗೆಯಲ್ಲಿ ಆಪರೇಷನ್ ಥಿಯೇಟರಿಗೆ ಒಯ್ಯುತ್ತಾರೋ ತಿಳಿಯದು.

ಇದೆಲ್ಲ ಆ ಮುದುಕಿಯಿಂದ. ಕೈಗೆ ಸಿಕ್ಕಿದ್ದನ್ನೆಲ್ಲ ತಿಕ್ಕುವುದಕ್ಕೆ ಇದೇನು ಅವರ ಅಗ್ರಹಾರದ ಹಿತ್ತಿಲೇ? ಮಗನನ್ನು ಕಳೆದುಕೊಂಡದ್ದು ಸಾಲದೇ? ಅವರನ್ನು ಮೈಸೂರಿಗೆ ಕಳಿಸಿಬಿಡು. ಟಿಕೆಟ್ ನಾನು ಕೊಡುತ್ತೇನೆ.

ಈ ಕಾಗದ ನಿನ್ನ ಕೈಗೆ ಶುಕ್ರವಾರ ಸೇರಬೇಕು. ಸೇರಲೇಬೇಕು.

ಅಣ್ಣ


ಶ್ರೀ
ಡರ್ಹಮ್
೨೪-೧೧-೧೯೭೪, ಭಾನುವಾರ

ಚಿರಂಜೀವಿ ನರಹರಿಯವರಿಗೆ ಭಾಗೀರಥಮ್ಮ ಮಾಡುವ ಆಶೀರ್ವಾದಗಳು.

ನಿನ್ನೆ ವಿಶಾಲು ಫೋನಿನಲ್ಲಿ ‘ನಾನು ಹೋಗಲಿಲ್ಲ, ಚೆನ್ನಾಗಿದ್ದೀನಿ’ ಅಂತಷ್ಟೇ ನಿಮಗೆ ಹೇಳಿದಳು. ಏನು ನಡೆಯಿತು ಅಂತ ಹೇಳಲಿಲ್ಲ. ಅವಳು ಹೇಳುವುದೂ ಇಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಸಾವಕಾಶವಾಗಿ ಓದಿಕೊಳ್ಳಿ.

ನಿಮ್ಮ ಕಾಗದ ಶುಕ್ರವಾರ ಮಧ್ಯಾಹ್ನ ಬಂತು. ಒಡೆದವಳು ನಾನು. ಒಬ್ಬರ ಕಾಗದ ಇನ್ನೊಬ್ಬರು ಒಡೆಯಬಾರದು ಅಂತ ನನಗೂ ಗೊತ್ತು. ಬುಧವಾರ ನೀವು ಫೋನಿನಲ್ಲಿ ಕೂಗಿದ ಮೇಲೆ ಎರಡು ದಿನ ನನಗೆ ಅನ್ನ ಇಳಿದಿರಲಿಲ್ಲ. ನಾನು ಏನು ಮಾಡಿದೆ ಅನ್ನುವುದು ಅದರಲ್ಲಿ ಇರುತ್ತದೆ ಅಂತ ಒಡೆದೆ. ಇತ್ತು.

ಮುದುಕಿ ಅಂದದ್ದಕ್ಕೆ ಬೇಜಾರಿಲ್ಲ. ಆಗಿದ್ದೇನೆ. ಮಗನನ್ನು ಕಳೆದುಕೊಂಡದ್ದು ಸಾಲದೇ ಅಂತ ಬರೆದಿರಿ, ಆ ಜಾಗದಲ್ಲಿ ಬಹಳ ಹೊತ್ತು ನಿಂತುಬಿಟ್ಟೆ. ಅದು ಸಿಡಿದು ಅವಳ ಕಣ್ಣಿಗೆ ಬರುತ್ತದೆ ಅನ್ನುವುದನ್ನು ಮತ್ತೆ ಮತ್ತೆ ಓದಿದೆ. ಅವಳು ಬಂದ ತಕ್ಷಣ ಕೊಡಬೇಕಾಗಿತ್ತು. ಕೊಡಲಿಲ್ಲ. ಇದನ್ನು ಓದಿದರೆ ಇವಳು ನನ್ನನ್ನು ಕಳಿಸಿಬಿಡುತ್ತಾಳೆ ಅಂತ ಹೆದರಿದೆ, ಸುಳ್ಳು ಯಾಕೆ ಹೇಳಲಿ. ಮೈಸೂರಿನಲ್ಲಿ ನನ್ನ ಹಿರಿಯ ಮಗ ಇದ್ದಾನೆ, ಬೇಕಾದಷ್ಟು ಜನ ಇದ್ದಾರೆ. ಆದರೆ ಇವಳನ್ನು ಹೀಗೆ ಬಿಟ್ಟು ಹೇಗೆ ಹೋಗಲಿ? ಬೆಳಿಗ್ಗೆ ಹೇಗಾದರೂ ತಡೆದರಾಯಿತು ಅಂದುಕೊಂಡೆ.

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಆ ತೋಟಾಗಳ ಪೆಟ್ಟಿಗೆಯನ್ನು ಕಾರಿನಿಂದ ತಂದು, ಅಡುಗೆಮನೆಯ ನೆಲದ ಮೇಲೆ ಕೂತು, ಮಡಿಲಲ್ಲಿ ಇಟ್ಟುಕೊಂಡೆ. ಅವಳು ಬಂದು ಕೇಳಿದಳು. ಕೊಡಲ್ಲ ಅಂದೆ. ಮೊದಲು ನಕ್ಕಳು. ಆಮೇಲೆ ಗಡಿಯಾರ ನೋಡಿದಳು. ಹೊರಗೆ ಆ ಹ್ಯಾರಿಸ್ ಅನ್ನುವವರ ಕಾರು ಬಂದು ಹಾರ್ನ್ ಮಾಡಿತು. ಆಗ ಬಾಯಿಗೆ ಬಂದದ್ದು ಅಂದಳು. ‘ನಾನು ನಗೋದೇ ನಿಮಗೆ ಬೇಡ. ಅವನ ಜೊತೆ ನಾನೂ ಹೋಗಿಬಿಟ್ಟಿದ್ರೆ ನಿಮಗೆ ಸಮಾಧಾನ ಆಗ್ತಿತ್ತು. ಪೂಜೆ ಮಾಡಿದ್ದೆಲ್ಲ ನಾಟಕ!’ ಅಂದಳು. ಪೆಟ್ಟಿಗೆಗೆ ಕೈ ಹಾಕಿ ಎಳೆದಳು. ನಾನೂ ಎಳೆದೆ. ನನ್ನ ವಯಸ್ಸಿನವಳು ಸೊಸೆಯ ಜೊತೆ ನೆಲದ ಮೇಲೆ ಬಿದ್ದು ಗುದ್ದಾಡುವುದು ಅಂದರೆ ನೋಡಿದವರು ಏನೆಂದಾರು! ಅವಳ ಕೈಯಲ್ಲಿ ಬಲ ಇದೆ, ನನ್ನಲ್ಲಿ ಇಲ್ಲ. ಪೆಟ್ಟಿಗೆ ಅವಳ ಕೈಗೆ ಹೋಯಿತು.

ಬಾಗಿಲು ತೆಗೆದಳು. ಆಗ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕಾಗದ ತೆಗೆದು, ‘ನಿಮ್ಮಣ್ಣ ಬರೆದಿದ್ದಾನೆ. ಓದಿ ಆಮೇಲೆ ಹೋಗು. ನನ್ನನ್ನ ಕಳಿಸೋದಾದ್ರೆ ಕಳಿಸು, ಇದನ್ನ ಓದದೆ ಮಾತ್ರ ಹೋಗಬೇಡ’ ಅಂತ ಕಿರುಚಿದೆ. ಈ ಮನೆಗೆ ಬಂದ ಮೇಲೆ ನಾನು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಮೆಟ್ಟಿಲ ಮೇಲೆ ನಿಂತೇ ಓದಿದಳು. ಓದುತ್ತಾ ಓದುತ್ತಾ ಕೂತಳು. ಹ್ಯಾರಿಸ್ ಇಳಿದು ಬಂದರು. ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಅವರ ಮುಖ ಬಿಳಿಚಿಕೊಂಡಿತು. ಹೋದ ಸಲ ಹೊಡೆದು ತಂದಿದ್ದ ಖಾಲಿ ಕೇಸುಗಳನ್ನು ಮೇಜಿನ ಮೇಲೆ ಸುರಿದು, ನೀವು ಬರೆದ ಹಾಗೆ ತಂತಿ ಬಗ್ಗಿಸಿ ಒಳಗೆ ಹಾಕಿ ನೋಡಿದರು. ಒಂದೊಂದಾಗಿ ಬೇರೆ ಇಡುತ್ತಾ ಹೋದರು. ನನ್ನ ಕೈಗೂ ತಂತಿ ಕೊಟ್ಟರು. ಒಳಗೆ ಸಣ್ಣ ಕಾಲುವೆಯ ಹಾಗೆ, ತುದಿ ಸಿಕ್ಕಿಕೊಂಡಿತು. ವಿಶಾಲು ಅದನ್ನು ಇಕ್ಕಳದಲ್ಲಿ ಹಿಡಿದು ತಿರುಚಿದಳು. ಬುಡ ಕಳಚಿ ಮೇಜಿನ ಮೇಲೆ ಬಿತ್ತು. ಹ್ಯಾರಿಸ್ ಟೋಪಿ ತೆಗೆದು ಕೂತರು. ಅವತ್ತು ಯಾರೂ ಮ್ಯಾಚಿಗೆ ಹೋಗಲಿಲ್ಲ.

ಅವರು ಹೋದ ಮೇಲೆ ನಾನು ನನ್ನ ಪೆಟ್ಟಿಗೆಗೆ ಸೀರೆ ಜೋಡಿಸುವುದಕ್ಕೆ ಶುರುಮಾಡಿದೆ. ಅವಳು ಬಂದು ಬಾಗಿಲಲ್ಲಿ ನಿಂತು, ‘ಯಾಕೆ ತಿಕ್ಕಿದ್ರಿ ಅತ್ತೆ?’ ಅಂದಳು. ಅವನು ಮುಟ್ಟಿದ್ದ ಸಾಮಾನು ಕಪ್ಪಗಾಗಿ ಬಿದ್ದಿತ್ತು, ನೋಡೋಕಾಗಲಿಲ್ಲ ಅಂದೆ. ತಿಕ್ಕಿದ ಮೇಲೆ ಎರಡು ಡಬ್ಬಿಗೂ ಸಮನಾಗಿ ಹಂಚಿ ತುಂಬಿದೆ, ಒಂದು ತುಂಬಿ ಒಂದು ಅರ್ಧ ಇದ್ದರೆ ಚೆನ್ನಾಗಿರದು ಅಂತ. ‘ನೀನು ಯಾಕೆ ಎಸೀಲಿಲ್ಲ?’ ಅಂತ ಕೇಳಿದೆ. ಅವಳು ನನ್ನ ಮಂಚದ ಮೇಲೆ ಕೂತು ಅಳುವುದಕ್ಕೆ ಶುರುಮಾಡಿದಳು. ಅವನು ಹೋದ ಮೇಲೆ ನಾನು ಬಂದಿಳಿದಾಗಲೂ ಅವಳು ನನ್ನ ಮುಂದೆ ಅತ್ತಿರಲಿಲ್ಲ. ಗಟ್ಟಿ ಹೆಂಗಸು, ಕಲ್ಲುಮನಸ್ಸು ಅಂತ ನಾನು ತಿಳಿದುಕೊಂಡಿದ್ದೆ. ನಾನು ಕಿಟಕಿಯಲ್ಲಿ ಕೂರುವುದು ಅವಳ ಮೇಲೆ ಕಣ್ಣಿಡುವುದಕ್ಕೆ ಅಂತ ಅವಳು ತಿಳಿದುಕೊಂಡಿದ್ದಳಂತೆ. ಮಗ ಒಂದು ದಿನ ಆಫೀಸಿಗೆ ಅಂತ ಹೋದವನು ವಾಪಸ್ ಬರಲಿಲ್ಲ. ಇವಳ ಕಾರು ತಿರುವಿನಲ್ಲಿ ಕಾಣುವವರೆಗೂ ನನಗೆ ಜೀವದಲ್ಲಿ ಜೀವ ಇರುವುದಿಲ್ಲ ಅಂತ ಹೇಳಿದೆ. ಸೀರೆಗಳನ್ನು ಅವಳೇ ತೆಗೆದು ಬೀರುವಿನಲ್ಲಿ ಇಟ್ಟಳು.

ಆ ಹಳೆಯ ಕೇಸುಗಳನ್ನು ಇವತ್ತು ಬೆಳಿಗ್ಗೆ ಇಬ್ಬರೂ ಸೇರಿ ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ ಎಸೆದೆವು. ನಿಮಗೆ ನಂಬಿಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಿಮಗೆ ಹೆಣ್ಣು ಮಗು ಆಗಿದೆ, ತಿಂಗಳು ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಅಂತ ವಿಶಾಲು ಹೇಳಿದಳು. ನಳಿನಿಯ ಹತ್ತಿರ ಹಿರಿಯ ಹೆಂಗಸರು ಯಾರೂ ಇಲ್ಲವಂತೆ. ಇಂಥ ಎಳೆ ಮಕ್ಕಳನ್ನು ನಾನು ಬೇಕಾದಷ್ಟು ಉಳಿಸಿಕೊಂಡಿದ್ದೇನೆ. ಅಶ್ವತ್ಥನೂ ಎಂಟು ತಿಂಗಳಿಗೇ ಹುಟ್ಟಿದವನು. ಮಗು ಮನೆಗೆ ಬಂದ ಮೇಲೆ ಬಾಣಂತನಕ್ಕೆ ನಾನು ಬರಲೇ? ವಿಶಾಲು ಕಾರಿನಲ್ಲಿ ಬಿಡುತ್ತೇನೆ ಅನ್ನುತ್ತಾಳೆ.

ಆದರೆ ಒಂದು ಮಾತು. ಎರಡು ವರ್ಷದಿಂದ ನೀವು ವಿಶಾಲುಗೆ ಬರೆದ ಕಾಗದಗಳನ್ನು ಅವಳು ಮೇಜಿನ ಮೇಲೆ ಬಿಟ್ಟಾಗ ನಾನು ಓದುತ್ತಿದ್ದೆ. ಓದುವುದಕ್ಕೆ ಇಲ್ಲಿ ಬೇರೆ ಕನ್ನಡ ಇರಲಿಲ್ಲ. ಅದರಲ್ಲಿ ಹಿತ್ತಾಳೆ ಹೇಗಿದೆ ಅಂತ ಕೇಳುತ್ತಿದ್ದಿರಿ, ನಾನು ಹೇಗಿದ್ದೇನೆ ಅಂತ ಯಾವತ್ತೂ ಕೇಳಲಿಲ್ಲ. ಗೆರೆಯ ವಿಷಯ ಬರೆದ ಕಾಗದ ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಯಾವುದನ್ನು ಮುಟ್ಟಬೇಕು ಯಾವುದನ್ನು ಮುಟ್ಟಬಾರದು ಅಂತ ಯಾರಾದರೂ ನನಗೆ ಹೇಳಿದ್ದರೆ ನಾನು ಮುಟ್ಟುತ್ತಿರಲಿಲ್ಲ.

ನನ್ನನ್ನು ಕರೆಯುವುದಾದರೆ ಅವಳ ಕಾಗದದ ಕೊನೆಯಲ್ಲಿ ಒಂದು ಸಾಲು ಸೇರಿಸಬೇಡಿ. ಕವರಿನ ಮೇಲೆ ನನ್ನ ಹೆಸರು ಬರೆದು ನನಗೇ ಬರೆಯಿರಿ. ಬರುತ್ತೇನೆ.

ಭಾಗೀರಥಮ್ಮ